ಗ್ರೀನ್‌ಲಾ ಸಾಹೇಬರ ಮೇಣದ ಕಾಗದ

ನಮ್ಮ ಫೋಟೋ ಗ್ಯಾಂಗಲ್ಲಿ ಈಗ ಒಂದೇ ಜಗಳ: ಮಿರರ್‌ಲೆಸ್‌ಗೆ ಹೋದ್ರೆ ಹಳೇ ಲೆನ್ಸ್ ಏನ್ಮಾಡೋದು? ದರೋಜಿ ಕರಡಿಗೆ ಯಾವ ಟೆಲಿ? ದರೋಜಿ ಪಕ್ಕದ ಹಂಪಿಯಲ್ಲಿ 1856ರಲ್ಲೇ ಒಬ್ಬರು ಇದಕ್ಕಿಂತ ಕಷ್ಟದ ಆಯ್ಕೆ ಮಾಡಿದ್ದರು.

ಅಲೆಕ್ಸಾಂಡರ್ ಗ್ರೀನ್‌ಲಾ (1818–1870) ಕಂಪನಿಯ ಮದ್ರಾಸ್ ಸೈನ್ಯದ ಅಧಿಕಾರಿ, ಮುಂದೆ ಕರ್ನಲ್ ಆದರು. ಆಗ ಹೊಸ ಸಿಸ್ಟಮ್ ಅಂದ್ರೆ 1851ರಲ್ಲಿ ಬಂದ ಗಾಜಿನ ಪ್ಲೇಟು. ಚಿತ್ರ ಭಾರೀ ಶಾರ್ಪು. ಆದ್ರೆ ಹಚ್ಚಿದ ರಾಸಾಯನಿಕ ಒಣಗೋದ್ರೊಳಗೆ ಫೋಟೋ ತೆಗೆದು ತೊಳೆಯಬೇಕು. ಬಳ್ಳಾರಿ ಬಿಸಿಲು ಗೊತ್ತಲ್ಲ! ಗ್ರೀನ್‌ಲಾ ಹಳೇ ಮೇಣದ ಕಾಗದದ ನೆಗೆಟಿವನ್ನೇ ಬಿಡಲಿಲ್ಲ. ಅದನ್ನ ಮೊದಲೇ ತಯಾರಿಸಿ ಒಯ್ಯಬಹುದು; ಎಕ್ಸ್‌ಪೋಷರ್ ಮಾತ್ರ ನಿಮಿಷಗಟ್ಟಲೆ. ಆ ವಿಧಾನಕ್ಕೆ ಕೊನೆಗೆ ಅವರ ಹೆಸರೇ ಬಿತ್ತು.

ಆಗ ಪ್ರಿಂಟ್ ಹಿಗ್ಗಿಸೋದು ಸುಲಭವಿರಲಿಲ್ಲ. ನೆಗೆಟಿವ್ ಎಷ್ಟೋ ಫೋಟೋ ಅಷ್ಟೇ. ಅವರದ್ದು ಸುಮಾರು 16×18 ಇಂಚು! ಅಷ್ಟಗಲ ಕವರ್ ಮಾಡೋ ಲೆನ್ಸ್ ಬೇಕು, ಇಲ್ಲಾಂದ್ರೆ ಮೂಲೆಯೆಲ್ಲ ಕಪ್ಪು, ಫುಲ್‌ಫ್ರೇಮ್‌ಗೆ ಕ್ರಾಪ್ ಲೆನ್ಸ್ ಹಾಕಿದ ಹಾಗೆ.

ಅವರು ತೆಗೆದ ಕಲ್ಲಿನ ರಥದ ಫೋಟೋ ನೋಡಿ. ರಥದ ಮೇಲೆ ಇಟ್ಟಿಗೆ ಗೋಪುರ ಇದೆ. ಈಗ ಅದಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವರು ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ರೆ ಏನೇನು ಹೋಯ್ತು ಅಂತ ಕಾಣುತ್ತೆ.