ಈಮ್ ಗ್ರಾಮದ ಸಭಾಪಾಲಕರಾದ ಮೊಂಪೆಸ್ಸನ್ ಅಯ್ಯನವರು

ದೇವಾಲಯದ ಬಾಗಿಲಿಗೆ ಬೀಗ ಬಿದ್ದರೆ ಸಭೆಯು ಅಳಿದುಹೋಗುವದೋ? ಇಂಗ್ಲೆಂಡಿನ ಒಂದು ಹಳ್ಳಿಯ ಸಭೆಯವರು ಈ ಪ್ರಶ್ನೆಗೆ ತಮ್ಮ ಪ್ರಾಣಗಳಿಂದಲೇ ಉತ್ತರ ಕೊಟ್ಟರು. ಅವರನ್ನು ನಡಿಸಿದ ಪಾಲಕರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಡರ್ಬಿಷೈರ್ ಸೀಮೆಯ ಗುಡ್ಡಗಳ ನಡುವೆ ಈಮ್ ಎಂಬ ಗ್ರಾಮವಿದೆ. ಅಲ್ಲಿಯ ಸಂತ ಲಾರೆನ್ಸನ ದೇವಾಲಯವು ಬಹು ಪುರಾತನವಾದದ್ದು; ಅದರ ಅಂಗಳದಲ್ಲಿ ಸಾವಿರ ವರುಷಗಳಿಗಿಂತಲೂ ಹಳೆಯದಾದ ಕಲ್ಲಿನ ಶಿಲುಬೆಯೊಂದು ಇಂದಿಗೂ ನಿಂತಿದೆ. 1664ರಲ್ಲಿ ವಿಲಿಯಮ್ ಮೊಂಪೆಸ್ಸನ್ ಎಂಬ ಯೌವನಸ್ಥರು ತಮ್ಮ ಪತ್ನಿಯಾದ ಕ್ಯಾಥರೀನಮ್ಮನವರೊಡನೆಯೂ ಇಬ್ಬರು ಎಳೆಯ ಮಕ್ಕಳೊಡನೆಯೂ ಅಲ್ಲಿಗೆ ಪಾಲಕರಾಗಿ ಬಂದರು. ಆದರೆ ಒಕ್ಕಲಿಗರೂ ಸೀಸದ ಗಣಿಯ ಕೆಲಸದವರೂ ಆಗಿದ್ದ ಆ ಊರಿನವರ ಮನಸ್ಸು ಹಿಂದಿನ ಪಾಲಕರಾದ ತೋಮಸ್ ಸ್ಟ್ಯಾನ್ಲಿಯವರ ಕಡೆಗೇ ಇತ್ತು. ಪ್ರಾರ್ಥನಾ ಪುಸ್ತಕದ ವಿಷಯವಾಗಿ 1662ರಲ್ಲಿ ಹುಟ್ಟಿದ ಕಾನೂನಿಗೆ ಮನಸ್ಸಾಕ್ಷಿಯ ನಿಮಿತ್ತ ಒಪ್ಪದೆ ಇವರು ತಮ್ಮ ಉದ್ಯೋಗವನ್ನು ಕಳಕೊಂಡಿದ್ದರು. ಹೀಗೆ ಆ ಸಣ್ಣ ಸಭೆಯಲ್ಲಿ ಎರಡು ಮನಸ್ಸುಗಳಿದ್ದವು.

1665ರಲ್ಲಿ ಲಂಡನ್ ಪಟ್ಟಣದಲ್ಲಿ ಪ್ಲೇಗುಮಾರಿಯು ಪ್ರಬಲವಾಗಿತ್ತು. ಅಲ್ಲಿಂದ ಈಮಿನ ದರ್ಜಿಯೊಬ್ಬನಿಗೆ ಬಂದ ಬಟ್ಟೆಯ ಗಂಟಿನೊಂದಿಗೆ ರೋಗದ ಚಿಗಟಗಳೂ ಬಂದವೆಂದು ಹೇಳುತ್ತಾರೆ. ಆ ಗಂಟನ್ನು ಬಿಚ್ಚಿದ ಕೆಲಸದವನನ್ನು ಸೆಪ್ಟೆಂಬರ್ 7ರಂದು ಹೂಣಿಟ್ಟರು. ಅಲ್ಲಿಂದ ಮರಣವು ಮನೆಯಿಂದ ಮನೆಗೆ ನಡೆಯಿತು.

1666ನೇ ಜೂನ್ ತಿಂಗಳಲ್ಲಿ ಮಾರಿಯು ಹೆಚ್ಚಲು, ಜನರು ಓಡಿಹೋಗಲು ಯೋಚಿಸಿದರು. ಓಡಿದರೆ ಸುತ್ತಲಿನ ಊರುಗಳೆಲ್ಲಾ ಹಾಳಾಗುವವೆಂದು ಮೊಂಪೆಸ್ಸನ್ ಅಯ್ಯನವರು ಕಂಡರು. ತಮ್ಮೊಬ್ಬರ ಮಾತಿಗೆ ಜನರು ಕಿವಿಗೊಡಲಾರರೆಂದು ತಿಳಿದು, ಅವರು ಸ್ಟ್ಯಾನ್ಲಿಯವರ ಸಹಾಯವನ್ನು ಬೇಡಿದರು. ಕಾನೂನು ಬೇರ್ಪಡಿಸಿದ್ದ ಆ ಇಬ್ಬರು ಸೇವಕರು ಸಭೆಯ ಮುಂದೆ ಒಂದಾಗಿ ನಿಂತು ಮೂರು ಕಟ್ಟಳೆಗಳನ್ನಿಟ್ಟರು: ಸತ್ತವರನ್ನು ಅವರವರ ಮನೆಯವರೇ ತಮ್ಮ ತಮ್ಮ ನೆಲದಲ್ಲಿ ಹೂಣಿಡಬೇಕು, ದೇವಾಲಯವನ್ನು ಮುಚ್ಚಿ ಬಯಲಿನಲ್ಲಿ ಆರಾಧಿಸಬೇಕು, ಊರಿನ ಎಲ್ಲೆಯನ್ನು ಯಾರೂ ದಾಟಬಾರದು. ಜನರು ಒಪ್ಪಿದರು.

ಅಂದಿನಿಂದ ಕಕ್ಲೆಟ್ ಎಂಬ ಹಸುರು ಕಣಿವೆಯೇ ಅವರ ದೇವಾಲಯವಾಯಿತು. ಒಂದೊಂದು ಮನೆಯವರು ಬೇರೆ ಬೇರೆ ನಿಂತು ಪಾಲಕರ ಬೋಧನೆಯನ್ನು ಕೇಳುತ್ತಿದ್ದರು. ಡೆವನ್‌ಷೈರಿನ ಪ್ರಭುವೂ ನೆರೆಯೂರಿನವರೂ ಆಹಾರವನ್ನು ಎಲ್ಲೆಯ ಬಳಿಯಲ್ಲಿ ಇರಿಸುತ್ತಿದ್ದರು; ಊರವರು ಎಲ್ಲೆಗಲ್ಲಿನ ಕುಳಿಗಳಲ್ಲಿ ಹುಳಿರಸವನ್ನು ತುಂಬಿ, ಕ್ರಯದ ನಾಣ್ಯಗಳನ್ನು ಅದರೊಳಗೆ ಹಾಕುತ್ತಿದ್ದರು.

ಆಗಸ್ಟ್ ತಿಂಗಳು ಎಲ್ಲಕ್ಕಿಂತ ಕ್ರೂರವಾಗಿತ್ತು. ಎಲಿಜಬೆತ್ ಹ್ಯಾನ್ಕಾಕ್ ಎಂಬ ತಾಯಿಯು ಎಂಟು ದಿನಗಳೊಳಗೆ ಗಂಡನನ್ನೂ ಆರು ಮಂದಿ ಮಕ್ಕಳನ್ನೂ ತನ್ನ ಕೈಯಾರೆ ಮಣ್ಣುಮಾಡಿದಳು. ಪಾಲಕರ ಮನೆಯೂ ತಪ್ಪಿಸಿಕೊಳ್ಳಲಿಲ್ಲ. ಮಕ್ಕಳನ್ನು ಮುಂಚೆಯೇ ದೂರಕ್ಕೆ ಕಳುಹಿಸಿದ್ದರೂ ಕ್ಯಾಥರೀನಮ್ಮನವರು ಗಂಡನನ್ನು ಬಿಟ್ಟುಹೋಗದೆ ರೋಗಿಗಳಿಗೆ ಸೇವೆ ಮಾಡುತ್ತಿದ್ದರು. ಆಗಸ್ಟ್ 25ರಂದು ಅವರೂ ತೀರಿಕೊಂಡರು. ಅಯ್ಯನವರು ಪತ್ನಿಯನ್ನು ಸಮಾಧಿಮಾಡಿ, ತಿರಿಗಿ ಸಾಯುವವರ ಹಾಸಿಗೆಗಳ ಬಳಿಗೆ ಹೋದರು.

ನವೆಂಬರ್ 1ರಂದು ಕಡೆಯ ಮರಣವಾಯಿತು. ಹದಿನಾಲ್ಕು ತಿಂಗಳುಗಳಲ್ಲಿ ಸುಮಾರು 260 ಮಂದಿ ಸತ್ತಿದ್ದರು. ಆದರೆ ಸುತ್ತಲಿನ ಊರುಗಳು ಉಳಿದವು. ಸ್ಟ್ಯಾನ್ಲಿಯವರು 1670ರಲ್ಲಿ ಈಮಿನಲ್ಲಿಯೇ ನಿದ್ರೆಹೋದರು. ಮೊಂಪೆಸ್ಸನರು ಮುಂದೆ ಈಕ್ರಿಂಗ್ ಎಂಬ ಹಳ್ಳಿಗೆ ಪಾಲಕರಾಗಿ ಹೋದಾಗ, ಅಲ್ಲಿಯವರು ಮಾರಿಗೆ ಹೆದರಿ ಅವರನ್ನು ಊರೊಳಗೆ ಸೇರಿಸಲಿಲ್ಲ. ಅವರು ಗುಣುಗುಟ್ಟದೆ ಊರ ಹೊರಗೆ ಗುಡಿಸಲಲ್ಲಿದ್ದು, ಮರದಡಿಯಲ್ಲಿ ಬೋಧಿಸಿ, ಭಯವು ಶಾಂತವಾದ ಮೇಲೆ ಒಳಗೆ ಬಂದರು. 1709ರಲ್ಲಿ ಅಲ್ಲಿಯೇ ಮೃತರಾದರು.

ಈಗಲೂ ಪ್ರತಿ ವರುಷ ಆಗಸ್ಟ್ ತಿಂಗಳ ಕಡೆಯ ಭಾನುವಾರದಲ್ಲಿ ಈಮಿನವರು ಇವರೆಲ್ಲರನ್ನು ನೆನಸಿ ಆರಾಧಿಸುವ ವಾಡಿಕೆಯುಂಟು. ಪ್ರಿಯರೇ, ನಮ್ಮ ಪ್ರಾರ್ಥನಾಲಯಗಳು ಚಿಕ್ಕವೆಂದು ನಾವು ಕೊರಗುತ್ತೇವೆ, ಅಲ್ಪಕಾರ್ಯಕ್ಕಾಗಿ ಪಂಗಡಗಳಾಗುತ್ತೇವೆ. ಈಮಿನವರಿಗೆ ಆಗ ಗೋಡೆಯೂ ಇರಲಿಲ್ಲ, ಚಾವಣಿಯೂ ಇರಲಿಲ್ಲ. ಅವರಿಗಿದ್ದದ್ದು ಒಳ್ಳೇ ಕುರುಬನಾದ ಕರ್ತನ ಮೇಲಣ ನಂಬಿಕೆ, ನೆರೆಯವರ ಮೇಲಣ ಪ್ರೀತಿ, ಒಂದಾದ ಮನಸ್ಸು. ಇವು ಮೂರು ಇರುವಲ್ಲಿ ಸಭೆಯು ಇರುವದು.