ಜಿ. ಪಿ. ಸ್ಯಾಂಡರ್ಸನ್

ಜಾರ್ಜ್ ಪೆರೆಸ್ ಸ್ಯಾಂಡರ್ಸನ್ (1848–1892) ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಅಧಿಕಾರಿ, ಬೇಟೆಗಾರ ಮತ್ತು ವನ್ಯಜೀವಿಗಳ ಸೂಕ್ಷ್ಮ ವೀಕ್ಷಕ. ಕಾಡಾನೆಗಳನ್ನು ಹಿಂಡುಹಿಂಡಾಗಿ ಸೆರೆಹಿಡಿಯುವ ಖೆಡ್ಡಾ ಪದ್ಧತಿಯನ್ನು ಮೈಸೂರು ಸೀಮೆಯಲ್ಲಿ ಯಶಸ್ವಿಯಾಗಿ ಜಾರಿಗೆ ತಂದವರೆಂದು ಇವರು ಪ್ರಸಿದ್ಧರು. ಯಾವ ಪ್ರಾಣಿಗೆ ಯಾವ ಅಳತೆಯ ಕೋವಿ ತಕ್ಕದ್ದು ಎಂಬ ವಿಷಯವನ್ನು ಅನುಭವದ ಆಧಾರದ ಮೇಲೆ ಚರ್ಚಿಸಿದ ಲೇಖಕರಲ್ಲಿಯೂ ಇವರಿಗೆ ಸ್ಥಾನವಿದೆ.

ಜನನ ಮತ್ತು ಆರಂಭಿಕ ಜೀವನ

ಸ್ಯಾಂಡರ್ಸನ್ ಭಾರತದಲ್ಲಿ ಜನಿಸಿದರು. ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ನಿನ ಪಾದ್ರಿ. ಕನ್ನಡ ಭಾಷೆಯಲ್ಲಿ ಪರಿಶ್ರಮವಿದ್ದ ಇವರು ರೀವ್ ಅವರ ಕನ್ನಡ ನಿಘಂಟನ್ನು ಪರಿಷ್ಕರಿಸಿದರು. ಇಂಗ್ಲೆಂಡಿನಲ್ಲಿ ಶಿಕ್ಷಣ ಪಡೆದ ಮಗ 1864ರಲ್ಲಿ ಭಾರತಕ್ಕೆ ಮರಳಿದರು. ಕಾಫಿ ತೋಟದಲ್ಲಿ ನೆಲೆಸುವ ಆಲೋಚನೆ ಕೈಗೂಡದಿದ್ದಾಗ ಕನ್ನಡ ಕಲಿತು ಮೈಸೂರಿನ ನೀರಾವರಿ ಇಲಾಖೆಯನ್ನು ಸೇರಿದರು. ನಾಲೆಗಳ ಮೇಲ್ವಿಚಾರಣೆಯ ಕೆಲಸ ಅವರನ್ನು ಹಳ್ಳಿಗಳಿಗೂ ಕಾಡಂಚಿಗೂ ಕರೆದೊಯ್ದಿತು. ಚಾಮರಾಜನಗರದ ಸಮೀಪ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ ಬಂಗಲೆ ಕಟ್ಟಿಸಿಕೊಂಡು, ಸೋಲಿಗರಿಂದಲೂ ಊರಿನ ಬೇಟೆಗಾರರಿಂದಲೂ ಹೆಜ್ಜೆ ಗುರುತಿಸುವ ವಿದ್ಯೆಯನ್ನು ಅರಿತರು.

ಕೋವಿಯ ಅಳತೆಯ ಪ್ರಶ್ನೆ

ಸ್ಯಾಂಡರ್ಸನ್ ಬೇಟೆ ಆರಂಭಿಸಿದ ಕಾಲ ಕೋವಿಗಳ ಇತಿಹಾಸದಲ್ಲಿ ಒಂದು ಸಂಧಿಕಾಲ. ನಳಿಗೆಯ ಬಾಯಿಯಿಂದ ಮದ್ದು, ಗುಂಡು ತುಂಬಿ ಗಜದಿಂದ ಇಡಿಯುವ ಕೇಪಿನ ಕೋವಿ ಇನ್ನೂ ಬಳಕೆಯಲ್ಲಿತ್ತು. ಹಿಂಬದಿಯಿಂದ ತುಂಬುವ ತೋಟಾ ಕೋವಿ ಅದರ ಜಾಗಕ್ಕೆ ಬರುತ್ತಿತ್ತು. ಕೇಪಿನ ಕೋವಿಯಲ್ಲಿ ಎರಡನೆಯ ಗುಂಡು ತುಂಬಲು ಹೊತ್ತು ಹಿಡಿಯುತ್ತಿದ್ದುದರಿಂದ ಮೊದಲ ಗುಂಡೇ ನಿರ್ಣಾಯಕವಾಗಿರಬೇಕಿತ್ತು.

ಆ ಕಾಲದಲ್ಲಿ ನಳಿಗೆಯ ಅಳತೆಯನ್ನು ‘ಬೋರ್’ ಎಂಬ ಎಣಿಕೆಯಿಂದ ಹೇಳುತ್ತಿದ್ದರು. ಒಂದು ಪೌಂಡು (ಸುಮಾರು 454 ಗ್ರಾಂ) ಸೀಸದಿಂದ ನಳಿಗೆಗೆ ಹೊಂದುವ ಎಷ್ಟು ಉರುಟು ಗುಂಡುಗಳಾಗುವವೋ ಅದೇ ಬೋರ್ ಸಂಖ್ಯೆ. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ಗುಂಡು ದೊಡ್ಡದು. 12 ಬೋರಿನ ಗುಂಡು ಸುಮಾರು 38 ಗ್ರಾಂ, 8 ಬೋರಿನದು 57 ಗ್ರಾಂ, 4 ಬೋರಿನದು 113 ಗ್ರಾಂ ತೂಗುತ್ತದೆ. ಉರುಟು ಗುಂಡಿನ ವ್ಯಾಸ ಇಮ್ಮಡಿಯಾದರೆ ತೂಕ ಎಂಟು ಮಡಿಯಾಗುತ್ತದೆ. ಜೊತೆಗೆ ಕೋವಿಯ ಭಾರವೂ ಒದೆತವೂ ಹೆಚ್ಚುತ್ತವೆ.

ಜಿಂಕೆ, ಕಡವೆಗಳ ಬೇಟೆಗೆ ಎಷ್ಟು ದೊಡ್ಡ ಗುಂಡು ಬೇಕೆಂಬುದು ಆಗ ಚರ್ಚೆಯ ವಿಷಯವಾಗಿತ್ತು. ಮಧ್ಯ ಪ್ರಾಂತ್ಯದಲ್ಲಿದ್ದ ಜೇಮ್ಸ್ ಫೋರ್ಸಿತ್ 1860ರ ದಶಕದಲ್ಲಿ 14 ಬೋರಿನ ಉರುಟು ಗುಂಡಿನ ಪರವಾಗಿ ವಾದಿಸಿದರು. ಇದರ ವ್ಯಾಸ ಸುಮಾರು 17.6 ಮಿ.ಮೀ. ನಳಿಗೆಯೊಳಗಿನ ಸುರುಳಿ ಗೀರು 8 ಅಡಿ 8 ಅಂಗುಲಕ್ಕೆ ಒಂದು ಸುತ್ತಿನಷ್ಟು ನಿಧಾನವಾಗಿದ್ದರೆ, ಹೆಚ್ಚು ಮದ್ದು ಹಾಕಿದರೂ ಗುಂಡು ಗೀರನ್ನು ಬಿಟ್ಟು ಜಾರುವುದಿಲ್ಲವೆಂಬುದು ಅವರ ಲೆಕ್ಕ. ಇದೇ ಕಾಲದಲ್ಲಿ ‘ಎಕ್ಸ್‌ಪ್ರೆಸ್’ ರೈಫಲುಗಳು ಬಳಕೆಗೆ ಬಂದವು. ಇವುಗಳಲ್ಲಿ 0.450 ಅಂಗುಲ (ಸುಮಾರು 11.4 ಮಿ.ಮೀ.) ಅಳತೆಯದು ಹೆಸರಾಗಿತ್ತು. ಇವುಗಳ ಗುಂಡು ಹಗುರ, ವೇಗ ಹೆಚ್ಚು; ಟೊಳ್ಳು ಮೂತಿಯ ಗುಂಡು ಮೈಯೊಳಗೆ ಹರಡಿಕೊಳ್ಳುತ್ತಿತ್ತು.

ಒಂದೇ ಕೋವಿ ಎಲ್ಲ ಪ್ರಾಣಿಗಳಿಗೂ ಸಲ್ಲದು ಎಂಬುದು ಸ್ಯಾಂಡರ್ಸನ್ ಅವರ ನಿಲುವು. ತೆಳು ಚರ್ಮದ ಜಿಂಕೆಯಂಥ ಪ್ರಾಣಿಗೆ ಎಕ್ಸ್‌ಪ್ರೆಸ್ ಸಾಕು. ಆದರೆ ಆನೆ, ಕಾಟಿಗಳ ದಪ್ಪ ಚರ್ಮ, ಮೂಳೆಗಳನ್ನು ಭೇದಿಸಲು ಹರಡುವ ಹಗುರ ಗುಂಡಿನಿಂದಾಗದು, ಭಾರದ ಗುಂಡೇ ಬೇಕು. ಅವರು ಆನೆಗಾಗಿ 4 ಬೋರಿನ ಭಾರೀ ರೈಫಲನ್ನೂ ಬಳಸಿದ್ದರು. ಆನೆಯ ತಲೆಬುರುಡೆಯಲ್ಲಿ ಮಿದುಳು ಎಲ್ಲಿದೆ ಎಂಬುದನ್ನೂ ಅಭ್ಯಸಿಸಿ ವಿವರಿಸಿದರು. ಅಳತೆ ಎಷ್ಟೇ ದೊಡ್ಡದಿದ್ದರೂ ಗುಂಡು ತಾಗಬೇಕಾದ ಜಾಗ ತಿಳಿಯದಿದ್ದರೆ ಪ್ರಾಣಿ ಗಾಯಗೊಂಡು ಕಾಡು ಸೇರುತ್ತದೆ.

ಖೆಡ್ಡಾ

ಬೆಳೆ ಹಾಳುಮಾಡುತ್ತಿದ್ದ ಆನೆಗಳನ್ನು ಹಿಡಿದು ಪಳಗಿಸಿದರೆ ರೈತರಿಗೂ ಸರ್ಕಾರಕ್ಕೂ ಪ್ರಯೋಜನವೆಂದು ಸ್ಯಾಂಡರ್ಸನ್ 1873ರಲ್ಲಿ, ಆಗ ಬ್ರಿಟಿಷ್ ಕಮಿಷನ್ ಆಡಳಿತದಲ್ಲಿದ್ದ ಮೈಸೂರಿನ ಅಧಿಕಾರಿಗಳಿಗೆ ಯೋಜನೆ ಸಲ್ಲಿಸಿದರು. ಹಿಂದೆ ಹೈದರ್ ಅಲಿ ಕಾಕನಕೋಟೆಯ ಕಡೆ ಇಂಥ ಪ್ರಯತ್ನದಲ್ಲಿ ಸೋತು, ಮುಂದೆ ಯತ್ನಿಸುವವರಿಗೆ ಶಾಪವಿತ್ತನೆಂಬ ಪ್ರತೀತಿ ಜನರಲ್ಲಿತ್ತು. ಮೊದಲ ಯತ್ನ ವಿಫಲವಾಯಿತು. 1874ರ ಜೂನ್‌ನಲ್ಲಿ ಹೊನ್ನುಹೊಳೆಯ (ಸುವರ್ಣಾವತಿ) ಬಳಿ ಕಂದಕ, ದೊಡ್ಡಿಗಳನ್ನು ರಚಿಸಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಈ ಯಶಸ್ಸಿನಿಂದ 1875ರಲ್ಲಿ ಅವರನ್ನು ಬಂಗಾಳಕ್ಕೆ ಎರವಲು ಸೇವೆಯ ಮೇಲೆ ಕಳುಹಿಸಲಾಯಿತು. ಚಿತ್ತಗಾಂಗಿನ ಕಾಡುಗಳಲ್ಲಿ 85 ಆನೆಗಳು ಸೆರೆಯಾದವು.

ಅದೇ ದಶಕದಲ್ಲಿ ಕಾಯಿದೆಯೂ ಬದಲಾಯಿತು. 1873ರ ಮದ್ರಾಸ್ ಕಾಯಿದೆ ಮತ್ತು 1879ರ ಆನೆ ಸಂರಕ್ಷಣಾ ಕಾಯಿದೆಗಳು ಕಾಡಾನೆಗಳನ್ನು ಕೊಲ್ಲುವುದಕ್ಕೆ ನಿರ್ಬಂಧ ಹೇರಿದವು. ಜಿಂಕೆ, ಕಡವೆಗಳಿಗೆ ಅಂಥ ರಕ್ಷಣೆ ಬಹುಕಾಲ ದೊರೆಯಲಿಲ್ಲ.

ಕೃತಿ ಮತ್ತು ಪ್ರಭಾವ

ಅವರ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಗ್ರಂಥ 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಪ್ರಾಣಿಗಳ ಸ್ವಭಾವ, ಕಾಡಿನ ಜನರ ಬದುಕು, ಕೋವಿಗಳ ಆಯ್ಕೆ ಇವೆಲ್ಲ ಅದರಲ್ಲಿವೆ. ರುಡ್ಯಾರ್ಡ್ ಕಿಪ್ಲಿಂಗರ ‘ತೂಮಾಯ್ ಆಫ್ ದಿ ಎಲಿಫೆಂಟ್ಸ್’ ಕಥೆಯ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಸ್ಯಾಂಡರ್ಸನ್ ಅವರೇ ಮಾದರಿಯೆಂದು ಪರಿಗಣಿಸಲಾಗಿದೆ.

ಸ್ಯಾಂಡರ್ಸನ್ 1892ರಲ್ಲಿ ನಿಧನರಾದರು. ಅವರು ರೂಢಿಗೆ ತಂದ ಖೆಡ್ಡಾ ಮುಂದೆ ಕಾಕನಕೋಟೆಯಲ್ಲಿ ಅರಮನೆಯ ಅತಿಥಿಗಳು ನೋಡುವ ವೈಭವವಾಗಿ ಬೆಳೆದು, 1971ರಲ್ಲಿ ಕೊನೆಯ ಬಾರಿಗೆ ನಡೆಯಿತು. ಮರುವರ್ಷ ಜಾರಿಗೆ ಬಂದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಜಿಂಕೆ, ಕಡವೆ, ಕೃಷ್ಣಮೃಗಗಳ ಬೇಟೆ ಶಿಕ್ಷಾರ್ಹ ಅಪರಾಧವಾಗಿದೆ. ಇಂದು ಅವರ ಬರಹ ಬೇಟೆಗಾರರ ಕೈಪಿಡಿಯಾಗಿ ಉಳಿದಿಲ್ಲ. ಹತ್ತೊಂಬತ್ತನೆಯ ಶತಮಾನದ ಮೈಸೂರು ಕಾಡುಗಳ ದಾಖಲೆಯಾಗಿ ಓದಲ್ಪಡುತ್ತಿದೆ.