ಚಿತ್ರಕಾರ ಪಣಿಕ್ಕರರು

ವಿದ್ಯೆಯನ್ನು ಕಲಿಸುವವರು ಅನೇಕರು. ಕಲಿತವರಿಗೆ ನೆಲೆಯನ್ನು ಕಲ್ಪಿಸುವವರು ವಿರಳ. ಅಂತಹ ಗುರುಗಳಾದ ಕೆ. ಸಿ. ಎಸ್. ಪಣಿಕ್ಕರರನ್ನು ನಾವು ಇಲ್ಲಿ ಸ್ಮರಿಸುತ್ತೇವೆ.

ಇವರು ೧೯೧೧ನೆಯ ಇಸವಿಯಲ್ಲಿ ಕೊಯಮುತ್ತೂರಿನಲ್ಲಿ ಜನಿಸಿದರು. ಚಿಕ್ಕಂದಿನಿಂದಲೂ ಮಲೆಯಾಳ ಸೀಮೆಯ ತೆಂಗಿನ ತೋಪುಗಳನ್ನೂ ಹಿನ್ನೀರುಗಳನ್ನೂ ಚಿತ್ರಿಸುವುದೇ ಇವರಿಗೆ ಆನಂದ. ಆದರೆ ಸಂಸಾರದ ಭಾರವು ಮೇಲೆ ಬೀಳಲು ತಂತಿ ಕಚೇರಿಯಲ್ಲಿ ದುಡಿಯಬೇಕಾಯಿತು. ೧೯೩೬ರಲ್ಲಿ ಮದರಾಸಿನ ಕಲಾಶಾಲೆಯನ್ನು ಸೇರಿ, ೧೯೫೭ರಲ್ಲಿ ಅದರ ಪ್ರಿನ್ಸಿಪಾಲರೇ ಆದರು. ಕ್ರಮೇಣ ಇವರ ಕುಂಚವು ಕಂಡ ರೂಪಗಳನ್ನು ತೊರೆದು, ೧೯೬೩ರಿಂದ ಅಕ್ಷರಗಳನ್ನೂ ಸಂಜ್ಞೆಗಳನ್ನೂ ಆಶ್ರಯಿಸಿತು.

ಶಾಲೆಯನ್ನು ಬಿಟ್ಟ ಶಿಷ್ಯರು ಹೊಟ್ಟೆಪಾಡಿಗಾಗಿ ಕಲೆಯನ್ನೇ ಕೈಬಿಡುವುದು ಇವರನ್ನು ಬಾಧಿಸಿತು. ಆದುದರಿಂದ ಬಾಟಿಕ್ ಮುಂತಾದ ಕೈಕೆಲಸಗಳಿಂದ ಹಣವನ್ನು ಕೂಡಿಸಿ, ೧೯೬೬ರಲ್ಲಿ ಮದರಾಸಿನ ದಕ್ಷಿಣದ ಕಡಲತೀರದಲ್ಲಿ ಶಿಷ್ಯರೊಡನೆ ಚೋಳಮಂಡಲವೆಂಬ ಕಲಾವಿದರ ಗ್ರಾಮವನ್ನು ಸ್ಥಾಪಿಸಿದರು. ೧೯೭೭ರಲ್ಲಿ ಇವರು ಕಾಲವಾದರೂ ಆ ಗ್ರಾಮವು ಉಳಿಯಿತು. ಕೈಯ ದುಡಿಮೆಯೇ ಕಲೆಗೆ ಆಸರೆಯೆಂಬುದನ್ನು ನಾವು ಇವರಿಂದ ಕಲಿಯೋಣ.